ವಿಮಾನಕ್ಕೊಂದು ಮೊಳೆ

ನನ್ನ ಅಭಿಪ್ರಾಯವನ್ನು ಈ ಭೂಮಿಯ ಮೇಲೆ ಯಾರೂ ಕೇಳಿದವರಿಲ್ಲ. ಮದುವೆ ಮಾಡುವಾಗ ಅಪ್ಪ ಕೇಳಲಿಲ್ಲ, ಎಮ್ಮೆ ಮಾರುವಾಗ ಯಜಮಾನರು ಕೇಳಲಿಲ್ಲ, ಎಲೆಕ್ಷನ್ನಿನಲ್ಲಿ ಕೈಮುಗಿದು ಬರುವವರು ಕೂಡ ಓಟು ಕೇಳಿದರೇ ಹೊರತು ಅಭಿಪ್ರಾಯ ಕೇಳಲಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಅಭ್ಯಾಸವಾದ್ದರಿಂದ ಅದರಿಂದ ನನಗೇನೂ ನಷ್ಟವಾಗಿಲ್ಲ, ಕೇಳಿಸಿಕೊಂಡವರಿಗೆ ಆಗಿರಬಹುದು. ಆದರೆ ಒಂದೇ ಒಂದು ಸಲ, ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ, ಬರೆಯಲು ಪೆನ್ನನ್ನೂ ಕೈಗೆ ಕೊಟ್ಟು ನನ್ನ ಅಭಿಪ್ರಾಯ ಕೇಳಿದರು. ಕೇಳಿದವರು ವಿಮಾನದ ಕಂಪನಿಯವರು. ನಮ್ಮ ಫಸ್ಟ್ ಕ್ಲಾಸನ್ನು ಇನ್ನೂ ಹೇಗೆ ಚೆನ್ನಾಗಿ ನಡೆಸಬಹುದು, ದಯಮಾಡಿ ತಿಳಿಸಿ ಎಂದು. ಅವತ್ತು ನಾನು ಹೇಳಿದ್ದು ಅರ್ಧ. ಉಳಿದ ಅರ್ಧ ಹೇಳಲು ನಾಚಿಕೆಯಾಗಿ ಇಷ್ಟು ದಿನ ಸುಮ್ಮನಿದ್ದೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಫಸ್ಟ್ ಕ್ಲಾಸಿನ ವಿಚಾರ ಏನು ಗೊತ್ತು ಎಂದು ನೀವು ಕೇಳಬಹುದು. ಸ್ವಾಮಿ, ನಾನು ನಲವತ್ತು ವರ್ಷ ರೇಷ್ಮೆ ಹುಳು ಮೇಯಿಸಿದವಳು. ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ಹುಳುಮನೆಗೆ ಸಿಗುವ ಉಪಚಾರ ಅಳಿಯನಿಗೂ ಸಿಗುವುದಿಲ್ಲ. ಒಳಗೆ ಹೋಗಬೇಕಾದರೆ ಸ್ನಾನ ಮಾಡಿ, ಬಾಯಿ ಮುಕ್ಕಳಿಸಿ, ಕೈಗೆ ಬೂದಿ ಹಚ್ಚಿ ತೊಳೆದುಕೊಳ್ಳಬೇಕು. ಹೂ ಮುಡಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದಿದವನು ಬಾಗಿಲ ಹತ್ತಿರ ಸುಳಿಯುವಂತಿಲ್ಲ. ಗಲಾಟೆ ಕೂಡದು, ಬಿಸಿಲು ಕೂಡದು. ಹೊತ್ತುಹೊತ್ತಿಗೆ ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ತಲೆ ಎತ್ತಿ ಮಲಗಿದರೆ, ಸೊಪ್ಪು ನಿಲ್ಲಿಸಿ ಉಸಿರು ಬಿಗಿಹಿಡಿದು ಓಡಾಡಬೇಕು. ಇಷ್ಟೆಲ್ಲ ಸೇವೆ ಮಾಡಿ ಕೊನೆಗೆ ಬಿಸಿನೀರಿಗೆ ಹಾಕುತ್ತೇವೆ ಅನ್ನುವುದು ಬೇರೆ ಮಾತು. ಸೇವೆಯಲ್ಲಿ ಮಾತ್ರ ಕೊರತೆ ಇಟ್ಟವರಲ್ಲ.

ಆ ಸಲ, ಎಂಬತ್ತರ ದಶಕ ಆಗತಾನೆ ಶುರುವಾಗಿದ್ದಾಗ, ನಾನು ಮಗಳು ರತ್ನಳ ಬಾಣಂತನಕ್ಕೆಂದು ದೆಹಲಿಗೆ ಹೋಗಿದ್ದೆ. ಅಳಿಯ ಮುನಿರಾಜು ವಿಮಾನದ ಕಂಪನಿಯಲ್ಲಿ ಮೆಕ್ಯಾನಿಕ್ಕು. ಹೊರಡುವಾಗ ನಮ್ಮ ಕಡೆಯ ರೇಷ್ಮೆ ಇನ್‌ಸ್ಪೆಕ್ಟರು ಒಂದು ಕೆಲಸ ಹಚ್ಚಿದ್ದರು. ದೆಹಲಿಯಿಂದಾಚೆ ಬೆಟ್ಟದ ಸೀಮೆಯಲ್ಲಿ ಒಂದು ಒಳ್ಳೆಯ ತಳಿ ಸಿಗುತ್ತದೆ, ಗೂಡು ನಮ್ಮದಕ್ಕಿಂತ ಗಟ್ಟಿ, ಬರುವಾಗ ಹತ್ತು ಹಾಳೆ ಮೊಟ್ಟೆ ತನ್ನಿ ಎಂದು. ಹುಳುವಿನ ಮೊಟ್ಟೆಗಳು ಗಸಗಸೆ ಚೆಲ್ಲಿದ ಹಾಗೆ ಹಾಳೆಗೆ ಅಂಟಿಕೊಂಡಿರುತ್ತವೆ. ಅದರಲ್ಲಿ ಎಂಟು ಹಾಳೆ ಊರಿನ ಬೇರೆ ಮನೆಗಳದ್ದು, ಎರಡು ನನ್ನದು. ನನ್ನ ವಾರಗಿತ್ತಿ ಮುನಿಯಮ್ಮ ನನ್ನನ್ನು ಬಸ್ಸು ಹತ್ತಿಸುವಾಗಲೇ ಕೊಂಕು ತೆಗೆದಿದ್ದಳು. "ಅಕ್ಕಾ, ಊರೋರೆಲ್ಲ ನಿನ್ನ ನಂಬ್ಕೊಂಡು ಹುಳುಮನೆ ಸಾರಿಸ್ತಾರೆ. ನೀನು ಅಲ್ಲಿಂದ ಬರೀ ಕಾಗದ ತರ್ಬೇಡ ಕಣಕ್ಕಾ." ನಾನು, "ಒಂದು ಮೊಟ್ಟೆ ಕೆಟ್ರೂ ನಿಮ್ಮನೆ ಕೊಟ್ಟಿಗೆ ನಾನು ಬಾಚ್ತೀನಿ, ಹೋಗೇ" ಎಂದು ನಾಲ್ಕು ಜನರ ಮುಂದೆ ಹೇಳಿ ಬಂದಿದ್ದೆ. ಬಾಯಿ ಇರುವವರಿಗೆ ಇಂಥ ತೊಂದರೆಗಳು ಇದ್ದದ್ದೇ.

ಬೆಟ್ಟದಿಂದ ಮೊಟ್ಟೆ ತರಬೇಕಾಗಿದ್ದ ಅಳಿಯನ ಸ್ನೇಹಿತ ಮೂರು ದಿನ ತಡವಾಗಿ ಬಂದ. ಹಾಳೆ ಬಿಚ್ಚಿ ನೋಡುತ್ತೇನೆ, ಒಂದೊಂದು ಮೊಟ್ಟೆಯಲ್ಲೂ ಸಣ್ಣ ಕಪ್ಪು ಚುಕ್ಕೆ. ಚುಕ್ಕೆ ಬಿತ್ತೆಂದರೆ ಎರಡು ದಿನಕ್ಕೆ ಮರಿ ಹೊರಗೆ. ರೈಲಿನಲ್ಲಿ ಹೋದರೆ ಆ ಬೇಸಿಗೆಯ ಬಿಸಿಲಿನಲ್ಲಿ ದಾರಿಯಲ್ಲೇ ಮರಿಯಾಗುತ್ತವೆ, ರೈಲಿನಲ್ಲಿ ಹಿಪ್ಪುನೇರಳೆ ಸೊಪ್ಪು ಎಲ್ಲಿಂದ ತರಲಿ? ನಾನು ಎದೆ ಬಡಿದುಕೊಳ್ಳುವುದನ್ನು ನೋಡಲಾರದೆ ಮುನಿರಾಜು ಕಂಪನಿ ಕೊಡುವ ಪಾಸಿನಲ್ಲಿ ನನ್ನನ್ನು ವಿಮಾನಕ್ಕೆ ಹತ್ತಿಸಲು ಒಪ್ಪಿದ. ಪಾಸಿನವರಿಗೆ ಸೀಟು ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊರದೇಶದಿಂದ ಬಂದು ಬೊಂಬಾಯಿ, ಮದ್ರಾಸು ಮುಟ್ಟಿ ಮತ್ತೆ ಹೊರದೇಶಕ್ಕೆ ಹೋಗುವ ದೊಡ್ಡ ವಿಮಾನ ಅದು. ಮದ್ರಾಸಿನಲ್ಲಿ ಇಳಿದರೆ ಅಲ್ಲಿಂದ ಮುಳಬಾಗಿಲಿಗೆ ಬಸ್ಸು.

ಬೆಳಿಗ್ಗೆ ಏರ್‌ಪೋರ್ಟಿನಲ್ಲಿ ಮುನಿರಾಜು ಬೆವರಿಕೊಂಡು ಬಂದ. "ಅತ್ತೆ, ಹಿಂದೆಲ್ಲ ಭರ್ತಿಯಾಗೋಗಿದೆ. ಮುಂದೆ ಫಸ್ಟ್ ಕ್ಲಾಸಲ್ಲಿ ಒಂದು ಸೀಟು ಖಾಲಿ ಇದೆ, ಕೊಡ್ತೀವಿ ಅಂದ್ರು. ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲಿ ಮಾತ್ರ ಏನೂ ಮಾತಾಡ್ಬೇಡಿ. ದೊಡ್ಡದೊಡ್ಡೋರು ಕೂತಿರ್ತಾರೆ. ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನನ್ನ ಪಾಸೂ ಹೋಗುತ್ತೆ, ಬರೋ ಪ್ರಮೋಷನ್ನೂ ಹೋಗುತ್ತೆ."

"ನಾನೇನು ಮಾತಾಡ್ತೀನಪ್ಪ?"

"ಮಾತಾಡ್ತೀರ ಅತ್ತೆ."

ಮಗು ಎತ್ತಿಕೊಂಡಿದ್ದ ರತ್ನ ಪಕ್ಕದಿಂದ, "ಅಮ್ಮ ಒಂದು ಗಂಟೆ ಬಾಯಿ ಮುಚ್ಕೊಂಡಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ಕಣ್ರೀ" ಎಂದು ಉಪಕಾರ ಮಾಡಿದಳು.

"ಹುಳುಗಿಳು ಅಂತ ಮೊದಲೇ ಬಾಯಿ ಬಿಡ್ಬೇಡಿ" ಅಂದ ಮುನಿರಾಜು. "ಪೆಟ್ಟಿಗೇಲಿ ಏನು ಅಂತ ಕೇಳಿದ್ರೆ ಪ್ರಸಾದ ಅನ್ನಿ."

"ಸುಳ್ಳು ಹೇಳೋದಾ?"

"ಬೆಟ್ಟದಿಂದ ಬಂದಿದ್ದು ತಾನೇ ಅತ್ತೆ?"

ಹೀಗೆ ನಾನು ಫಸ್ಟ್ ಕ್ಲಾಸಿಗೆ ಹೋದೆ. ನಲವತ್ತು ವರ್ಷ ರೇಷ್ಮೆ ಬೆಳೆದರೂ ನನ್ನ ಹತ್ತಿರ ಇದ್ದದ್ದು ಒಂದೇ ರೇಷ್ಮೆ ಸೀರೆ, ಅದನ್ನು ಉಟ್ಟಿದ್ದೆ. ತೊಡೆಯ ಮೇಲೆ ಬಟ್ಟೆ ಚೀಲ. ಚೀಲದೊಳಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಅದರ ಸುತ್ತ ಬೆಳಕು ತಾಗದಂತೆ ಕಪ್ಪು ಬಟ್ಟೆ. ಚೀಲದ ತಳದಲ್ಲಿ ಕೈಗೆ ಸಿಗಲಿ ಎಂದು ನನ್ನ ಎಲೆಅಡಿಕೆ ಸಂಚಿ. ಸೀಟು ನಮ್ಮೂರ ಪಟೇಲರ ಮಂಚದಷ್ಟು ಅಗಲವಿತ್ತು. ಒರಗಿದರೆ ಹಿಂದಕ್ಕೆ ಬೀಳುತ್ತದೆ, ಬೀಳದಂತೆ ಕೂತರೆ ಕಾಲು ನೆಲಕ್ಕೆ ಎಟಕುವುದಿಲ್ಲ. ಇದನ್ನು ಮಾಡಿದವನು ಮನೆಯಲ್ಲಿ ಹೆಂಡತಿಯನ್ನಾದರೂ ಕೂರಿಸಿ ನೋಡಬೇಕಿತ್ತು. ತಂಪು ಮಾತ್ರ ಅಚ್ಚುಕಟ್ಟು. ನಮ್ಮ ಹುಳುಮನೆಗೆ ನಾಲ್ಕು ಕಡೆ ಒದ್ದೆ ಗೋಣಿ ಕಟ್ಟಿದರೂ ಅಂಥ ತಂಪು ಬರುವುದಿಲ್ಲ. ಮೊಟ್ಟೆಗೆ ಒಳ್ಳೆಯದಾಯಿತು ಎಂದುಕೊಂಡೆ. ಅಷ್ಟರಲ್ಲಿ ಗಗನಸಖಿ ಬಂದು ಇಕ್ಕಳದಲ್ಲಿ ಹಿಡಿದ ಬಿಸಿ ಟವೆಲು ಕೊಟ್ಟಳು. ಘಮ್ಮೆಂದು ಸೆಂಟು! ಚೀಲವನ್ನು ಸೆರಗಿನಲ್ಲಿ ಮುಚ್ಚಿ, ಆ ಟವೆಲನ್ನು ಎರಡು ಬೆರಳಿನಲ್ಲಿ ಹಿಡಿದು, ಸತ್ತ ಇಲಿಯನ್ನು ಆಚೆಗೆ ಹಾಕುವ ಹಾಗೆ ಪಕ್ಕದ ಸೀಟಿನ ಅಂಚಿಗೆ ಇಟ್ಟೆ.

ಪಕ್ಕದ ಸೀಟಿನಲ್ಲಿ ದಪ್ಪ ಆಸಾಮಿಯೊಬ್ಬ ಕೂತಿದ್ದ. ಬಿಳಿ ಸಫಾರಿ, ಬೆರಳಿಗೆ ನಾಲ್ಕು ಉಂಗುರ. ನನ್ನ ಟವೆಲನ್ನೂ ತಾನೇ ತೆಗೆದುಕೊಂಡು ಕುತ್ತಿಗೆ ಒರೆಸಿಕೊಂಡ. ಆಗೆಲ್ಲ ವಿಮಾನದಲ್ಲಿ ಹೊಗೆ ಬಿಡಬಹುದಿತ್ತು. ಮೇಲಕ್ಕೆ ಹೋಗಿ, ಸೇದಬೇಡಿ ಎನ್ನುವ ದೀಪ ಆರಿದ್ದೇ ತಡ, ಜೇಬಿನಿಂದ ಹೆಬ್ಬೆರಳು ಗಾತ್ರದ ಚುಟ್ಟ ತೆಗೆದು ಹಚ್ಚಿದ. ಹೊಗೆ ನನ್ನ ಕಡೆಗೆ ತಿರುಗಿತು. ಹೊಗೆಸೊಪ್ಪಿನ ಗಾಳಿ ಸೋಕಿದರೆ ಹುಟ್ಟುವ ಮರಿಯ ಗತಿ ಏನಾಗುತ್ತದೆಂದು ನಾನು ಕಂಡವಳು. ಹೇಳೋಣವೆಂದರೆ ಅಳಿಯನ ಪ್ರಮೋಷನ್ನು ಕಣ್ಣ ಮುಂದೆ ಬಂತು. ಹೇಳದಿದ್ದರೆ ಊರಿನ ಎಂಟು ಹಾಳೆ, ಮುನಿಯಮ್ಮನ ಕೊಟ್ಟಿಗೆ. ಪೆಟ್ಟಿಗೆಯ ಮೇಲೆ ಬೋರಲು ಬಗ್ಗಿ ಕೂತೆ. ಹೊಟ್ಟೆ ಉರಿ ತಡೆಯಲಾರದೆ ತೆಲುಗಿನಲ್ಲಿ ಗೊಣಗಿದೆ. ನಮ್ಮ ಸೀಮೆಯಲ್ಲಿ ಲೆಕ್ಕಕ್ಕೆ ಕನ್ನಡ, ಬೈಗುಳಕ್ಕೆ ತೆಲುಗು. "ಈಡಿ ನೋಟ್ಲೋ ಮನ್ನು ಪಡ." ಇವನ ಬಾಯಿಗೆ ಮಣ್ಣು ಬೀಳ.

ಆಸಾಮಿ ಮೆಲ್ಲಗೆ ನನ್ನ ಕಡೆ ತಿರುಗಿದ. "ಮನ್ನು ಎಂದುಕಮ್ಮಾ, ಚುಟ್ಟ ಉಂದಿ ಗದಾ" ಅಂದ. ಮಣ್ಣು ಯಾಕಮ್ಮ, ಚುಟ್ಟ ಇದೆಯಲ್ಲ ಎಂದು.

ಮೂವತ್ತು ಸಾವಿರ ಅಡಿಯೋ ಎಷ್ಟೋ ಮೇಲೆ, ಓಡಿಹೋಗಲು ಬೇಲಿಯೂ ಇಲ್ಲದ ಕಡೆ, ತೆಲುಗಿನವನಿಗೇ ಬೈದು ಕೂತಿದ್ದೆ. ಅವನು ಗುಂಟೂರಿನ ಕಡೆಯವನಂತೆ, ಹೊಗೆಸೊಪ್ಪಿನ ವ್ಯಾಪಾರಿಯಂತೆ. ನನ್ನ ತಲೆಯೊಳಗೆ ಮುನಿರಾಜುವಿನ ಪಾಸು ಎರಡು ತುಂಡಾಯಿತು. ಅವನು ಚುಟ್ಟದ ತುದಿಯಿಂದ ಚೀಲ ತೋರಿಸಿ, "ಅಷ್ಟು ಜೋಪಾನವಾಗಿ ಹಿಡಿದಿದ್ದೀಯಲ್ಲ, ಏನಮ್ಮ ಅದು?" ಎಂದು ತೆಲುಗಿನಲ್ಲೇ ಕೇಳಿದ.

"ಪ್ರಸಾದ ನಾಯನಾ."

"ಯಾವ ದೇವರದು?"

"ಬೆಟ್ಟದ್ದು."

ಅವನು ಥಟ್ಟನೆ ಚುಟ್ಟ ಆರಿಸಿ, ಕಾಲಿನ ಚಪ್ಪಲಿ ಕಳಚಿ, ಎರಡೂ ಕೈ ಒಡ್ಡಿದ. "ಒಂದು ಚೂರು ಹಾಕಮ್ಮಾ. ಮಗಳ ಮದುವೆ ಮಾತಿಗೆ ಹೋಗ್ತಿದ್ದೀನಿ."

ಕೊಟ್ಟರೆ ಆ ಪುಣ್ಯಾತ್ಮ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವುದು ಖಂಡಿತ. ಕೊಡದಿದ್ದರೆ ಪ್ರಸಾದ ಕೊಡದ ಪಾಪಿ ಎಂದು ಕಂಪ್ಲೇಂಟು. ನಾನು ಅತ್ತ ಇತ್ತ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿ, ಹುಳುವಿನ ಮೊಟ್ಟೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಚಾಚಿದ ಕೈ ಸರಕ್ಕನೆ ಒಳಗೆ ಹೋಯಿತು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು, "ನನ್ನ ಗೋಡೌನಿಗೆ ಹುಳು ಬಂದರೆ ನಾನು ಅಳ್ತೀನಿ, ನಿನ್ನ ಹುಳುವಿಗೆ ನನ್ನ ಸೊಪ್ಪಿನ ಹೊಗೆ ಬಂದರೆ ನೀನು ಅಳ್ತೀಯ. ಸರಿ, ಮದ್ರಾಸಿನವರೆಗೂ ಹಚ್ಚಲ್ಲ" ಅಂದ. ಒಳ್ಳೆಯ ಮನುಷ್ಯ. ನಾನೂ ಅವನ ಮರ್ಯಾದೆಗೆ ನನ್ನ ಸಂಚಿ ಬಿಚ್ಚುವುದಿಲ್ಲ ಎಂದೆ. ಬಿಚ್ಚಿದರೂ ಉಗುಳಲು ಜಾಗವೆಲ್ಲಿ? ಹೊಗೆ ಬಿಡುವವನ ಕೈಗೆ ಎಟಕುವಂತೆ ಬೂದಿ ಬಟ್ಟಲು ಇಟ್ಟಿದ್ದಾರೆ, ಎಲೆಅಡಿಕೆಯವರಿಗೆ ಒಂದು ಚೊಂಬೂ ಇಟ್ಟಿಲ್ಲ. ಇದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಬೊಂಬಾಯಿ ದಾಟಿತು. ಊಟ ಬಂತು, ಅದು ಮುಗಿಯುವ ಮೊದಲೇ ಇನ್ನೊಂದು ಬಂತು. ಮುಂದಿನ ಸೀಟಿನಲ್ಲಿ ಕೆಂಪು ಮೂತಿಯ ಪರಂಗಿಯವನೊಬ್ಬ ಬಾಯಿ ತೆರೆದು ಒಳ್ಳೆಯ ನಿದ್ದೆ ಮಾಡುತ್ತಿದ್ದ. ಅವನನ್ನು ತಟ್ಟಿ ಎಬ್ಬಿಸಿ ಮೊಟ್ಟೆಯ ದೋಸೆ ಕೊಟ್ಟರು. ಜ್ವರಕ್ಕೆ ಕೂತ ಹುಳುವಿನ ಮೇಲೆ ಸೊಪ್ಪು ಸುರಿದ ಹಾಗಾಯಿತು. ಹಸಿವು ನೋಡಿ ಹಾಕಬೇಕು, ಗಡಿಯಾರ ನೋಡಿ ಹಾಕಬಾರದು. ನಾನು ಏನನ್ನೂ ಮುಟ್ಟಲಿಲ್ಲ. ಕಪ್ಪು ಬಟ್ಟೆಯೊಳಗೆ ಬೆರಳು ತೂರಿಸಿ ಪೆಟ್ಟಿಗೆ ತಂಪಾಗಿದೆಯೇ ಎಂದು ನೋಡುವುದು, ಮತ್ತೆ ಕೂರುವುದು. ಮದ್ರಾಸು ಬಂತು ಎಂದು ಪಕ್ಕದವನು ಹೇಳಿದಾಗ ಗೆದ್ದೆ ಎಂದುಕೊಂಡೆ.

ಆಗ ನೋಡಿ, ಅದೇ ಗಗನಸಖಿ ಪರದೆ ಸರಿಸಿಕೊಂಡು ಬಂದಳು. ಎರಡೂ ಕೈಯಲ್ಲಿ ಒಂದೊಂದು ತಗಡಿನ ಡಬ್ಬಿ. ಮೇಲಕ್ಕೆ ಎತ್ತಿ ಹಿಡಿದು ಬುಸ್ಸೆಂದು ಹೊಡೆದುಕೊಂಡು ಬರುತ್ತಿದ್ದಾಳೆ, ಮುಖದಲ್ಲಿ ನಗು ಬೇರೆ. "ಏನದು?" ಎಂದೆ. "ಸೊಳ್ಳೆ ಕ್ರಿಮಿ ಸಾಯಲಿ ಅಂತ ಮದ್ದು. ಹೊರದೇಶದ ವಿಮಾನದಲ್ಲಿ ಇದು ಮಾಮೂಲು" ಅಂದ ಪಕ್ಕದವನು. ಹೇಳಿ ಮುಗಿಸುವ ಹೊತ್ತಿಗೆ ಅವನಿಗೇ ಅರ್ಥವಾಗಿ ಮುಖ ಸಪ್ಪಗಾಯಿತು. ಎರಡು ಸೀಟು ಆಚೆಗೆ ಬುಸ್ಸೆಂದಿತು. ನಾನು ಅಳಿಯನನ್ನು ಮರೆತೆ. ಸೊಂಟದ ಪಟ್ಟಿ ಬಿಚ್ಚಿ, ಚೀಲವನ್ನು ಎದೆಗೆ ಅವುಚಿ, ಮುಂದೆ ಇದ್ದ ಕಕ್ಕಸಿಗೆ ನುಗ್ಗಿ ಚಿಲಕ ಹಾಕಿಕೊಂಡೆ. ಬಾಗಿಲ ಸಂದಿಗೆ ಅಲ್ಲಿದ್ದ ಕಾಗದವನ್ನೆಲ್ಲ ಎಳೆದು ತುರುಕಿದೆ.

ಬಾಗಿಲು ಬಡಿದರು. ಇಂಗ್ಲಿಷಿನಲ್ಲಿ ಏನೋ ಅಂದರು, ಹಿಂದಿಯಲ್ಲಿ ಅಂದರು, ತಮಿಳಿನಲ್ಲಿ ಅಂದರು. ಕೊನೆಗೆ ಚುಟ್ಟದವನ ದನಿ. "ಅಮ್ಮಾ, ಹೊರಗೆ ಬಾ. ವಿಮಾನ ಇಳಿಯುವಾಗ ಯಾರೂ ಒಳಗಿರುವಂತಿಲ್ಲವಂತೆ."

"ಆ ಗಬ್ಬು ಹೋಗೋವರೆಗೂ ಬರಲ್ಲ ಅಂತ ಹೇಳು ನಾಯನಾ."

"ಕ್ಯಾಪ್ಟನ್‌ಗೆ ಹೇಳ್ತಾರಂತೆ."

"ಹೇಳ್ಲಿ. ಅವನಿಗೇನು ಹುಳ ಮೇಯಿಸಿ ಗೊತ್ತಾ?"

ಆಚೆ ಗುಸುಗುಸು. ನೆಲ ವಾಲಿತು, ಕಿವಿ ಮುಚ್ಚಿಕೊಂಡಿತು. ಕನ್ನಡಿಯಲ್ಲಿ ರೇಷ್ಮೆ ಸೀರೆಯುಟ್ಟ ಒಬ್ಬ ಮುದುಕಿ ಚೀಲ ತಬ್ಬಿಕೊಂಡು, ಮಗು ಕದ್ದವಳ ಹಾಗೆ ನನ್ನನ್ನೇ ನೋಡುತ್ತಿದ್ದಳು. ನಿನ್ನಿಂದ ಅಳಿಯನ ಅನ್ನ ಹೋಯಿತಲ್ಲೇ ಪಾಪಮ್ಮ ಎಂದು ಅವಳಿಗೆ ಹೇಳಿದೆ. ಅವಳು ಜಗ್ಗಲಿಲ್ಲ. ವಿಮಾನ ನನ್ನೊಬ್ಬಳಿಗಾಗಿ ಆಕಾಶದಲ್ಲಿ ಇನ್ನೊಂದು ಸುತ್ತು ಹೊಡೆಯಿತೆಂದು ಆಮೇಲೆ ಚುಟ್ಟದವನು ಹೇಳಿದ. ನಿಜವೋ, ನನ್ನನ್ನು ಹೆದರಿಸಲು ಹೇಳಿದನೋ. ಗಾಳಿ ತಿಳಿಯಾಗಿದೆ ಎಂದು ಅವನು ತನ್ನ ಮಗಳ ಮೇಲೆ ಆಣೆ ಮಾಡಿದ ಮೇಲೆ ಚಿಲಕ ತೆಗೆದೆ. ಗಗನಸಖಿಯ ನಗು ಮಾಯವಾಗಿತ್ತು. ನನ್ನನ್ನು ಸೀಟಿಗೆ ಕೂರಿಸಿ, ಪಟ್ಟಿ ಬಿಗಿದು, ಚೀಲದ ಮೇಲೆ ತಾನೇ ಎರಡು ಕಂಬಳಿ ಹೊದಿಸಿ ಹೋದಳು. ಚುಟ್ಟದವನು ಅವಳಿಗೆ ವಿಷಯ ಹೇಳಿದ್ದನಂತೆ.

ಚಕ್ರ ನೆಲ ಮುಟ್ಟಿ ವಿಮಾನ ನಿಂತ ಮೇಲೆ ಅವಳು ದಪ್ಪ ಕಾಗದವೊಂದನ್ನು ತಂದು ನನ್ನ ಮುಂದೆ ಹಿಡಿದಳು, ಜೊತೆಗೆ ಪೆನ್ನು. ಕಂಪ್ಲೇಂಟು ಬರೆಸಿಕೊಳ್ಳಲು ಬಂದಿದ್ದಾಳೆ ಎಂದು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. "ನಾನು ರುಜು ಹಾಕಲ್ಲ. ನನ್ನ ಅಳಿಯನಿಗೂ ಇದಕ್ಕೂ ಸಂಬಂಧ ಇಲ್ಲ" ಎಂದೆ. ಚುಟ್ಟದವನು ಕಾಗದ ಓದಿ, "ಅದಲ್ಲಮ್ಮ, ಫಸ್ಟ್ ಕ್ಲಾಸಿನವರಿಗೆಲ್ಲ ಕೊಡ್ತಾರೆ. ನಮ್ಮ ಸೇವೆ ಹೇಗಿತ್ತು, ಇನ್ನೂ ಏನು ಮಾಡಬಹುದು ಅಂತ ಕೇಳಿದ್ದಾರೆ" ಅಂದ. ಪಕ್ಕದಲ್ಲಿ ಕೂತು, "ಹೇಳು, ನಾನು ಇಂಗ್ಲಿಷಿನಲ್ಲಿ ಬರೀತೀನಿ" ಅಂದ.

ಹೇಳಿದೆ. ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ಬಾಯಿ, ನಿಲ್ಲಲಿಲ್ಲ. ಹೊಗೆ ಬಿಡುವವರನ್ನು ರೆಕ್ಕೆಯ ಹಿಂದಕ್ಕೆ ಕೂರಿಸಿ. ಟವೆಲಿಗೆ ಸೆಂಟು ಹಾಕಬೇಡಿ, ಒಗೆದ ಬಟ್ಟೆಯ ವಾಸನೆಯೇ ಸಾಕು. ಮಲಗಿದವರನ್ನು ಎಬ್ಬಿಸಿ ಉಣ್ಣಿಸಬೇಡಿ. ಕುಳ್ಳಗಿರುವವರ ಕಾಲಿಗೆ ಒಂದು ಮಣೆ ಕೊಡಿ. ಮದ್ದು ಹೊಡೆಯುವ ಮೊದಲು, ನಿಮ್ಮ ಮಡಿಲಲ್ಲಿ ಜೀವ ಇರುವುದು ಏನಾದರೂ ಇದೆಯೇ ಎಂದು ಒಂದು ಮಾತು ಕೇಳಿ. ಆ ಹುಡುಗಿಯದು ತಪ್ಪಿಲ್ಲ, ಕಂಬಳಿ ಹೊದಿಸಿದಳು, ಅವಳನ್ನು ಬೈಯಬೇಡಿ. ಕೆಳಗೆ ಕನ್ನಡದಲ್ಲಿ ಪಾಪಮ್ಮ ಎಂದು ರುಜು ಹಾಕಿದೆ. ಚುಟ್ಟದವನು ಹೊಗೆಯ ವಿಚಾರವನ್ನು ನಿಜವಾಗಿ ಬರೆದನೋ ಇಲ್ಲವೋ ಈಗಲೂ ನನಗೆ ಅನುಮಾನ.

ಮದ್ರಾಸಿನಿಂದ ಬಸ್ಸು. ಬಸ್ಸಿನಲ್ಲಿ ಬೀಡಿ ಹಚ್ಚಿದ ಮೂವರನ್ನು ಬೈದು ಎಬ್ಬಿಸಿದೆ. ಫಸ್ಟ್ ಕ್ಲಾಸಿನಲ್ಲಿ ಹೊಗೆಸೊಪ್ಪಿನ ವ್ಯಾಪಾರಿಯನ್ನೇ ಸುಮ್ಮನಾಗಿಸಿ ಬಂದವಳಿಗೆ ಇವರು ಯಾವ ಲೆಕ್ಕ? ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿ ಎಂಟು ಹಾಳೆಗಳನ್ನು ಅವರವರ ಮನೆಗೆ ಹಂಚಿದೆ. ಮಾರನೇ ಬೆಳಿಗ್ಗೆ ಕಪ್ಪು ಬಟ್ಟೆ ತೆಗೆದು ಬೆಳಕು ಬಿಟ್ಟರೆ ಊರೆಲ್ಲ ಒಂದೇ ಸುದ್ದಿ, ಮರಿ ಬಂತು, ಇರುವೆ ಸಾಲಿನ ಹಾಗೆ ಬಂತು. ನನ್ನ ಎರಡು ಹಾಳೆಯಲ್ಲೂ ಬಂದವು. ಸೊಪ್ಪು ಹಾಕಿದೆ. ತಿನ್ನಲಿಲ್ಲ. ತಲೆ ಎತ್ತಿದವು, ಅತ್ತ ಇತ್ತ ಒಲೆದವು, ಬಾಯಲ್ಲಿ ಹಸಿರು ನೀರು ಬಿಟ್ಟು ಮಗುಚಿಕೊಂಡವು. ಮಧ್ಯಾಹ್ನದ ಹೊತ್ತಿಗೆ ತಟ್ಟೆಯ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿದ್ದವು.

ವಿಮಾನದವರ ಮದ್ದು ಎಂದೆ. ಚುಟ್ಟದವನ ಹೊಗೆ ಎಂದೆ. ಗೋಳಾಡಿದೆ. ಬಾಗಿಲಲ್ಲಿ ನಿಂತಿದ್ದ ಮುನಿಯಮ್ಮ, "ಅದೆಂಗಕ್ಕಾ, ಮೇಲಿದ್ದ ಎಂಟು ಚೆನ್ನಾಗವೆ, ನಿಂದು ಎರಡೇ ಹೋದ್ವು?" ಎಂದು ರಟ್ಟಿನ ಪೆಟ್ಟಿಗೆಯನ್ನು ಎತ್ತಿ ಅದರ ತಳ ಮೂಸಿದಳು. ಆಮೇಲೆ ನನ್ನ ಚೀಲ ಮೂಸಿದಳು. ಆಮೇಲೆ ಚೀಲದ ತಳದಿಂದ, ಬಂದ ಗಡಿಬಿಡಿಯಲ್ಲಿ ನಾನಿನ್ನೂ ತೆಗೆದಿರದ ಸಂಚಿಯನ್ನು ಇಲಿಯ ಬಾಲ ಹಿಡಿದ ಹಾಗೆ ಎತ್ತಿ ತೋರಿಸಿದಳು. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಮತ್ತೆ ಒಂದು ಹಿಡಿ ಒಳ್ಳೆ ಖಾರದ ಹೊಗೆಸೊಪ್ಪು.

ಪೆಟ್ಟಿಗೆಯೊಳಗೆ ಹಾಳೆ ಜೋಡಿಸಿದವಳು ನಾನೇ. ತಳದಲ್ಲಿ ತಂಪು ಜಾಸ್ತಿ, ಕೈಬಿಸಿ ತಾಗುವುದಿಲ್ಲ ಎಂದು ಊರವರದ್ದನ್ನೆಲ್ಲ ಮೇಲಿಟ್ಟು ನನ್ನ ಎರಡನ್ನು ಕೆಳಗಿಟ್ಟಿದ್ದೆ. ದೆಹಲಿಯಿಂದ ಮುಳಬಾಗಿಲಿನವರೆಗೂ ಅವು ತೂತಿನ ತಳದ ಮೂಲಕ ನನ್ನ ಸಂಚಿಯ ಮೇಲೆ ಮೂಗಿಟ್ಟುಕೊಂಡು ಬಂದಿದ್ದವು. ಊರಿನಲ್ಲಿ ನಲವತ್ತು ವರ್ಷ ಇಂಥ ತಪ್ಪಾಗಲಿಲ್ಲ. ಯಾಕೆಂದರೆ ನಮ್ಮ ಹುಳುಮನೆಯ ಬಾಗಿಲ ಪಕ್ಕ ಒಂದು ಮೊಳೆ ಇದೆ. ಒಳಗೆ ಹೋಗುವ ಮೊದಲು ಕೈ ತಾನಾಗಿ ಸಂಚಿಯನ್ನು ಅದಕ್ಕೆ ತಗುಲಿಹಾಕುತ್ತದೆ. ಬುದ್ಧಿ ನನ್ನದಲ್ಲ, ಮೊಳೆಯದು ಎಂದು ಅವತ್ತು ಗೊತ್ತಾಯಿತು.

ಒಂದು ತಿಂಗಳು ಬಿಟ್ಟು ಮುನಿರಾಜುವಿನ ಕಾಗದ ಬಂತು. ಪಾಸು ಹೋಗಿಲ್ಲ. ಸಾಹೇಬರು ಕರೆಸಿ, ಆ ಕಾಗದ ಓದಿ, ಈ ಹೆಂಗಸು ಯಾವ ದೊಡ್ಡ ಹೋಟೆಲು ನಡೆಸುತ್ತಾರೆ ಎಂದು ಕೇಳಿದರಂತೆ. ಇನ್ನೇನಾದರೂ ಸಲಹೆ ಇದ್ದರೆ ಬರೆಯಲಿ ಎಂದರಂತೆ. ನಾನು ಆಗ ಉತ್ತರ ಬರೆಯಲಿಲ್ಲ. ದಿನಾ ಬೆಳಿಗ್ಗೆ ಮುನಿಯಮ್ಮನ ಕೊಟ್ಟಿಗೆ ಬಾಚುವುದರಲ್ಲಿ ಪುರುಸೊತ್ತಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಕಂಪನಿಯವರೇ, ನಿಮ್ಮ ಫಸ್ಟ್ ಕ್ಲಾಸಿನ ಬಾಗಿಲ ಪಕ್ಕ, ನನ್ನಂಥವರ ಕೈಗೆ ಎಟಕುವ ಎತ್ತರಕ್ಕೆ, ಒಂದು ಮೊಳೆ ಹೊಡೆಯಿರಿ.